ಕಿಟಕಿಯ ಸೀಟು ಅಕ್ಕನದು

ವಿಮಾನದಲ್ಲಿ ಮೊದಲ ಸಲ ಕೂತವಳು ಪಕ್ಕದವರ ಹತ್ತಿರ ಏನು ಮಾತಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿದ ನಾಲಿಗೆ ತನಗೆ ಗೊತ್ತಿದ್ದದ್ದನ್ನೇ ಕೇಳಿಬಿಟ್ಟಿತು.

"ಕಿಧರ್ ಉತರ್‌ನೇಕಾ?"

ಎಲ್ಲಿ ಇಳಿಯುತ್ತೀರಿ ಎಂದು. ನನ್ನದು ಮೂರು ಸೀಟಿನ ಸಾಲಿನಲ್ಲಿ ನಡುವಿನದು. ಆಚೆ ಅಂಚಿನಲ್ಲಿ ಕೂತಿದ್ದವರು ನನ್ನದೇ ವಯಸ್ಸಿನ ಹೆಂಗಸು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ, ಕನ್ನಡದಲ್ಲೇ ಉತ್ತರ ಕೊಟ್ಟರು.

"ಮಂಗಳೂರಾಗ್ರೀ. ಯಾಕ್ರೀ, ನಡುವ ಎಲ್ಲೆರ ನಿಂದರ್ತದೇನ್ರಿ ಇದು?"

ಆಮೇಲೆ ತಿಳಿಯಿತು, ಅವರು ಧಾರವಾಡದ ಕಡೆಯವರು, ನಮ್ಮ ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ಮನೆ. ನನ್ನ ಪ್ರಶ್ನೆಯ ಹಿಂದೆ ಏನಿದೆ ಎಂದು ಅವರಿಗೆ ವಿವರಿಸಬೇಕಾದ ಅಗತ್ಯವಿರಲಿಲ್ಲ. ನಮ್ಮ ಕಡೆಯ ಟ್ರೇನುಗಳಲ್ಲಿ ಹತ್ತಿದ ಕೂಡಲೇ ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಬೇಕು. ಯಾರು ಮೊದಲು ಕೇಳಿದರೋ, ಕೂತವರು ಎದ್ದ ಮೇಲೆ ಆ ಸೀಟು ಅವರದು. ಎಲ್ಲೂ ಬರೆದಿಟ್ಟಿಲ್ಲ, ಆದರೂ ಯಾರೂ ಮೀರುವುದಿಲ್ಲ. ಅದನ್ನು ವಿಮಾನದೊಳಗೆ ತಂದವಳು ಬಹುಶಃ ನಾನೊಬ್ಬಳೇ.

ಈ ವಿದ್ಯೆಯಲ್ಲಿ ನನಗೆ ಗುರು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ಓರಗಿತ್ತಿ. ಉಡುಪಿ ಕಡೆಯ ಬೇರೆ ಬೇರೆ ಊರುಗಳಿಂದ ಡೊಂಬಿವಲಿಯ ಒಂದೇ ಅಡುಗೆಮನೆಗೆ ಬಂದು ಬಿದ್ದವರು ನಾವಿಬ್ಬರು. ಗಂಡಂದಿರು ಮಹಾಪೆಯ ಒಂದು ಕಚೇರಿಯ ಕ್ಯಾಂಟೀನು ವಹಿಸಿಕೊಂಡಾಗ ಹಿಟ್ಟು, ಚಟ್ನಿ, ಮಧ್ಯಾಹ್ನದ ಪಲ್ಯ ನಮ್ಮ ಪಾಲಿಗೆ ಬಂದವು. ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಲೋಕಲು ಹಿಡಿದು ಠಾಣೆ, ಅಲ್ಲಿ ಟ್ರೇನು ಬದಲಿಸಿ ಘನ್ಸೋಲಿ, ಅಲ್ಲಿಂದ ಶೇರ್ ರಿಕ್ಷಾ. ನಾನು ಏಳನೆಯ ತರಗತಿ ಪಾಸು, ಅಕ್ಕ ಹತ್ತನೆಯದರಲ್ಲಿ ಫೇಲು. ಹತ್ತರಲ್ಲಿ ಫೇಲಾಗುವುದು ಏಳರಲ್ಲಿ ಪಾಸಾಗುವುದಕ್ಕಿಂತ ಮೂರು ವರ್ಷ ಹೆಚ್ಚಿನ ವಿದ್ಯೆ ಎಂಬುದನ್ನು ಅವಳು ಇಪ್ಪತ್ತೆರಡು ವರ್ಷ ನನಗೆ ಮರೆಯಲು ಬಿಡಲಿಲ್ಲ. ಅವಳ ಎದುರಿಗೆ ನಾನು 'ನೀವು' ಎನ್ನುತ್ತಿದ್ದೆ, ಬೆನ್ನ ಹಿಂದೆ 'ಅವಳು'. ಈಗ ಬೆನ್ನೂ ಇಲ್ಲ, ಎದುರೂ ಇಲ್ಲ. ಬಾಯಿಗೆ ಅಭ್ಯಾಸವಾದದ್ದೇ ಬರುತ್ತದೆ.

ಟ್ರೇನಿನಲ್ಲಿ ಯಾವಾಗಲೂ ಅವಳು ಕಿಟಕಿ, ನಾನು ಪಕ್ಕ. ಕಿಟಕಿಯಲ್ಲಿ ಕೂತು ಏನನ್ನಾದರೂ ನೋಡುತ್ತಿದ್ದಳೇ ಎಂದರೆ ಅದೂ ಇಲ್ಲ, ಮುಂಬ್ರಾ ಬರುವ ಮೊದಲೇ ನಿದ್ದೆ. ನಿದ್ದೆ ಮಾಡುವವರಿಗೆ ಕಿಟಕಿ ಯಾಕೆ ಎಂದು ನಾನು. "ಗಾಳಿಗೇ ಮಾರಾಯ್ತಿ ನಿದ್ದೆ ಬರುವುದು. ಕೂತವಳಿಗಲ್ಲವಾ ಗೊತ್ತು," ಎಂದು ಅವಳು.

ಅಕ್ಕನ ತಮ್ಮನ ಮಗಳಿಗೆ ಮದುವೆ ನಿಶ್ಚಯವಾದಾಗ ಅಕ್ಕನ ಮಗ ನಮ್ಮಿಬ್ಬರಿಗೂ ಮಂಗಳೂರಿಗೆ ವಿಮಾನದ ಟಿಕೆಟು ತೆಗೆಸಿದ. ಅವನಿರುವುದು ಐರೋಲಿಯಲ್ಲಿ. ಕನ್ನಡ, ತುಳು ಎರಡೂ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. "ಮಮ್ಮೀ ಕಾ ಹದಿನಾಲ್ಕು ಎ, ವಿಂಡೋ. ಚಿಕ್ಕಮ್ಮ, ಆಪ್ ಕಾ ಬಿ," ಎಂದು ಕಾಗದ ಕೊಟ್ಟ.

"ಅಲ್ಲಿ ಕೂಡ ಕಿಟಕಿ ನಿಮಗೇಯಾ?" ಎಂದೆ ನಾನು.

"ಹಿರಿಯವಳು ಯಾರು?" ಎಂದಳು ಅಕ್ಕ.

ಐವತ್ತು ದಾಟಿದ ಹೆಂಗಸರು ಜಗಳವಾಡಲು ಇಷ್ಟು ಸಾಕು. ಮರುದಿನವೂ ನಮಗೆ ಮಾತಿರಲಿಲ್ಲ. ಆ ದಿನ ಅಕ್ಕನನ್ನು ನೆರೂಳದ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. ಕೆಲವು ವಾರಗಳಿಂದ ಮೆಟ್ಟಿಲು ಹತ್ತಿದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಠಾಣೆಯಲ್ಲಿ ಟ್ರೇನು ನಿಲ್ಲುವ ಮೊದಲೇ ನಾನು ಒಳಗೆ ಹಾರಿ ಕಿಟಕಿ ಹಿಡಿದೆ. ಅವಳು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಪಕ್ಕದ ಎರಡೂ ಸೀಟು ತುಂಬಿದ್ದವು. ಮೂವರ ಹಲಗೆಯಲ್ಲಿ ನಾಲ್ಕನೆಯವಳಾಗಿ, ಅರ್ಧ ಒಳಗೆ ಅರ್ಧ ಹೊರಗೆ ಕೂತಳು. ನಾನು ಕಣ್ಣು ಮುಚ್ಚಿ ನಿದ್ದೆ ನಟಿಸಿದೆ. ಐರೋಲಿ, ಘನ್ಸೋಲಿ, ಎಲ್ಲ ದಾಟಿತು. ಕಣ್ಣು ತೆರೆಯಲಿಲ್ಲ. ಕೊನೆಗೆ ಅವಳೇ ಮಂಡಿ ತಟ್ಟಿದಳು.

"ಏಳು, ನಾಟಕ ಸಾಕು. ನೆರೂಳ ಬಂತು."

ಅವತ್ತೇ ಅವಳನ್ನು ಸೇರಿಸಿಕೊಂಡರು. ಒಂಬತ್ತು ದಿನ ಇದ್ದಳು. ಮರಳಿ ಬರುವಾಗ ಟ್ರೇನಿನಲ್ಲಿ ಬರಲಿಲ್ಲ.

ಆಮೇಲೆ ಊರಿಗೆ, ನೆಂಟರಿಗೆ ಫೋನು ಮಾಡಿ ಸುದ್ದಿ ಹೇಳಿದವರೆಲ್ಲ ಗಂಡಸರು. ನಾನು ಬಂದವರಿಗೆ ಕಾಫಿ ಮಾಡಿದೆ. ಯಾರಿಗೂ ನನ್ನ ಬಾಯಿಂದ ಆ ಮಾತು ಹೇಳಬೇಕಾಗಿ ಬರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಕ್ಯಾಂಟೀನಿಗೆ ಹೊರಟಾಗ ಟ್ರೇನಿನ ಗೆಳತಿಯರು ಕೇಳಿದರು, "ಬಡೀ ಕಿಧರ್ ಹೈ?" ಅವರಿಗೆ ಅಕ್ಕ ಬಡೀ, ದೊಡ್ಡವಳು. ನಾನು ಛೋಟೀ.

"ಗಾಂವ್ ಗಯೀ," ಎಂದೆ. ಊರಿಗೆ ಹೋಗಿದ್ದಾಳೆ.

ಯಾಕೆ ಹಾಗೆಂದೆ ಎಂದು ಕೇಳಬೇಡಿ. ನಾಳೆ ನಿಜ ಹೇಳೋಣ ಎಂದುಕೊಂಡೆ. ಮರುದಿನ ಮತ್ತೆ ಕೇಳಿದರು, ಮತ್ತೆ ಊರಿಗೆ ಕಳಿಸಿದೆ. ಹೀಗೆ ಅಕ್ಕ ಊರಿನಲ್ಲೇ ಉಳಿದಳು. ಗೆಳತಿಯರು ಅವಳ ಕಿಟಕಿಯಲ್ಲಿ ಚೀಲ ಇಟ್ಟು ಜಾಗ ಹಿಡಿಯುವುದನ್ನೂ ಬಿಡಲಿಲ್ಲ. ಯಾರಾದರೂ ಹೊಸಬರು ಬಂದು ಜಗಳ ತೆಗೆದ ಮೇಲೆಯೇ ಚೀಲ ಎತ್ತುತ್ತಿದ್ದರು. ಒಂದು ತಿಂಗಳಾದ ಮೇಲೆ ಕೇಳುವುದನ್ನು ನಿಲ್ಲಿಸಿದರು. ನನ್ನ ಸುಳ್ಳು ಚೆನ್ನಾಗಿ ಕುದುರಿದೆ ಎಂದು ನಾನು ತಿಳಿದುಕೊಂಡೆ.

ಮದುವೆಯನ್ನು ಮುಂದೂಡಲಿಲ್ಲ. ನೀವೊಬ್ಬರಾದರೂ ಬರಲೇಬೇಕು ಎಂದು ಅಕ್ಕನ ತಮ್ಮ ಹಟ ಹಿಡಿದ. ಅಕ್ಕನ ಟಿಕೆಟು ಏನಾಯಿತು ಎಂದು ಅವಳ ಮಗನನ್ನು ಕೇಳಿದೆ. ಕ್ಯಾನ್ಸಲ್ ಮಾಡಲು ಮೂರು ಸಲ ಕೂತನಂತೆ. "ಬಟನ್ ದಬಾಯಾ ನಹೀ ಗಯಾ, ಚಿಕ್ಕಮ್ಮ," ಎಂದ. ಒತ್ತಲು ಆಗಲಿಲ್ಲ.

ಹಾಗಾಗಿ ಹದಿನಾಲ್ಕು ಎ ಖಾಲಿ. ನಾನು ಬಿಯಲ್ಲಿ ಕೂತು, ಅಕ್ಕನ ನೀಲಿ ಚೌಕಳಿಯ ಕರವಸ್ತ್ರವನ್ನು ಆ ಸೀಟಿನ ಮೇಲೆ ಹಾಸಿದೆ. ಟ್ರೇನಿನಲ್ಲಿ ಜಾಗ ಹಿಡಿಯಲು ಅವಳು ಬಳಸುತ್ತಿದ್ದದ್ದೇ ಅದು. ಬೇಕೆಂದೇ ಮನೆಯಿಂದ ತಂದಿದ್ದೆ. ಹುಚ್ಚು ಎನ್ನುತ್ತೀರಾದರೆ ಇಲ್ಲ ಎನ್ನುವುದಿಲ್ಲ. ಒಂದು ಸಲ ಕಿತ್ತುಕೊಂಡದ್ದನ್ನು ಒಂದು ಸಲ ಹಿಡಿದಿಟ್ಟು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ ಎಂಬುದು ನನ್ನ ಏಳನೆಯ ತರಗತಿಯ ಬುದ್ಧಿ.

ಹಿಂದಿನ ಸಾಲಿನಿಂದ ಒಬ್ಬ ಯುವಕ ಬಗ್ಗಿದ. ಬೆಂಗಳೂರಿನವನು, ಈಗ ನೆರೂಳದಲ್ಲಿ ಇರುವುದಂತೆ. "ಆಂಟಿ, ಆ ವಿಂಡೋ ಸೀಟ್ ಖಾಲಿ ಇದ್ಯಾ? ನಾನು ಬರಬಹುದಾ?"

"ಇಲ್ಲ. ನಮ್ಮ ಅಕ್ಕ ಬರಲಿಕ್ಕೆ ಉಂಟು," ಎಂದೆ. ಅಭ್ಯಾಸಬಲ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅದು ಸುಳ್ಳೆಂದು ತಡವಾಗಿ ಹೊಳೆಯಿತು.

ಕಲ್ಯಾಣದವರು ಕುತ್ತಿಗೆ ಉದ್ದ ಮಾಡಿ ಬಾಗಿಲ ಕಡೆ ನೋಡತೊಡಗಿದರು. "ಬಾಗಲಾ ಹಾಕಾಕತ್ತಾರಲ್ರೀ. ಎಲ್ಲದಾರ ನಿಮ್ಮಕ್ಕ?"

"ಬರ್ತಾರೆ."

ಬಾಗಿಲು ಮುಚ್ಚಿತು. ವಿಮಾನ ಮೆಲ್ಲಗೆ ಹೊರಟಿತು. "ಪಾಪ, ತಪ್ಪಿಸ್ಕೊಂಡ್ರು ನೋಡ್ರಿ. ಶೀಳ್‌ಫಾಟಾದ ಟ್ರಾಫಿಕ್ಕಿನಾಗ ಸಿಕ್ಕೊಂಡಿರ್ಬೇಕು. ಸುಡುಗಾಡು ರಸ್ತೆ ಅದು," ಎಂದು ಅವರು ಆ ರಸ್ತೆ ಮಾಡಿದವರನ್ನೆಲ್ಲ ಬೈದರು. ಅಕ್ಕ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ತಂಗಿಯ ಮುಖ ಹೇಗಿರಬೇಕೋ ಹಾಗೆ ಮುಖ ಮಾಡಿಕೊಂಡು ನಾನು ತಲೆಯಾಡಿಸಿದೆ.

ವಿಮಾನ ಒಂದು ಕಡೆ ನಿಂತು, ಗುಡುಗಿ, ಓಡತೊಡಗಿತು. ನಾನು ಕಣ್ಣು ಮುಚ್ಚಿದೆ. ಒಂದು ಕೈ ಕರವಸ್ತ್ರದ ಮೇಲೆ. ದೇವರ ನಾಮ ಹೇಳೋಣ ಎಂದರೆ ಬಾಯಿಗೆ ಬಂದದ್ದು ಸ್ಟೇಷನ್ನುಗಳ ಹೆಸರು: ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ. ಕಲ್ವಾ ಎನ್ನುವಷ್ಟರಲ್ಲಿ ಗುಡುಗು ತಟ್ಟನೆ ಸತ್ತಿತು. ಮೈಯೆಲ್ಲ ಮುಂದಕ್ಕೆ ಹೋಗಿ ಬೆಲ್ಟು ಹೊಟ್ಟೆಗೆ ಒತ್ತಿತು. ಮೇಲಿನಿಂದ ಏನೋ ಸದ್ದು, ಹಿಂದೆ ಯಾರೋ ಅಯ್ಯೋ ಎಂದರು. ವಿಮಾನ ಅದುರುತ್ತ ಅದುರುತ್ತ ನಿಂತಿತು.

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆ. ಓಡಿತು, ನಿಂತಿತು, ಅಂದ ಮೇಲೆ ಊರು ಬಂತು ಎಂದುಕೊಂಡೆ. ಒಂದೂವರೆ ಗಂಟೆ ಎಂದು ಹೇಳಿದ್ದರು, ಆದರೆ ಕಣ್ಣು ಮುಚ್ಚಿದವಳಿಗೆ ಗಂಟೆಯೇನು ನಿಮಿಷವೇನು. ಕಟ್ಟಲು ಬಾರದ ಬೆಲ್ಟನ್ನು ಬಿಚ್ಚಲು ಮಾತ್ರ ಹೇಗೋ ಬಂತು. ಎದ್ದು ನಿಂತು, ಮೇಲಿನ ಚೀಲಕ್ಕೆ ಕೈ ಹಾಕಿ, ಬಾಗಿಲ ಹತ್ತಿರ ಮೊದಲು ಹೋಗಿ ನಿಲ್ಲಬೇಕೆಂದು ಹೊರಟೆ. ನಮ್ಮಲ್ಲಿ ಎರಡು ಸ್ಟೇಷನ್ ಮೊದಲೇ ಏಳದವರು ಇಳಿದ ಉದಾಹರಣೆಯಿಲ್ಲ.

"ಮೇಡಂ, ಬೈಠಿಯೇ," ಎಂದು ಮುಂದಿನಿಂದ ಗಗನಸಖಿ ಕೂಗಿದಳು.

"ಮಂಗಳೂರು ಬಂತಲ್ಲ?" ಎಂದೆ.

ಕಲ್ಯಾಣದವರು ನನ್ನ ಸೆರಗು ಹಿಡಿದು ಎಳೆದರು. "ಕೂಡ್ರೀ ಅಕ್ಕಾರ. ಇನ್ನೂ ನೆಲಾನ ಬಿಟ್ಟಿಲ್ಲ."

ಹಿಂದಿನ ಯುವಕ ವಿವರಿಸಿದ. "ಪೈಲಟ್ ಟೇಕಾಫ್ ಬಿಟ್ಟುಬಿಟ್ರು ಆಂಟಿ. ಏನೋ ವಾರ್ನಿಂಗ್ ಲೈಟ್ ಬಂದಿರುತ್ತೆ. ಮೇಲೆ ಹೋದ್ಮೇಲೆ ಬರೋದಕ್ಕಿಂತ ಇಲ್ಲೇ ಬಂದಿದ್ದು ಒಳ್ಳೇದು." ಸ್ವಲ್ಪ ಹೊತ್ತಿಗೆ ಪೈಲಟ್ ಕೂಡ ಅದನ್ನೇ ಹೇಳಿದರು. ಒಂದು ದೀಪ ಹೊತ್ತಿಕೊಂಡಿದೆ, ಹೆದರಬೇಕಾದ್ದಿಲ್ಲ, ಹಿಂತಿರುಗಿ ಹೋಗಿ ಇಂಜಿನಿಯರುಗಳಿಂದ ನೋಡಿಸಿ ಮತ್ತೆ ಹೊರಡುತ್ತೇವೆ, ಎಲ್ಲರೂ ಕೂತಲ್ಲೇ ಇರಿ. ಅಷ್ಟು ಜನರಿಗೂ ಭಯವಾಗಿತ್ತು. ನನಗೆ ಮಾತ್ರ ಭಯಪಡುವುದಕ್ಕೂ ತಡವಾಗಿ ನೆನಪಾಯಿತು.

ವಿಮಾನ ಹೊರಟ ಜಾಗಕ್ಕೇ ಬಂದು ನಿಂತಿತು. ಬಾಗಿಲು ತೆರೆಯಿತು, ಏಣಿ ಹಚ್ಚಿದರು, ಪೆಟ್ಟಿಗೆ ಹಿಡಿದ ಇಬ್ಬರು ಒಳಗೆ ಬಂದರು. ನೀರು ಕೊಟ್ಟರು. ಜನಕ್ಕೆ ಮಾತು ಮರಳಿತು. ಆಗ ಆ ಯುವಕನಿಗೆ ಹೊಳೆಯಿತು.

"ಆಂಟಿ, ನಿಮ್ಮ ಅಕ್ಕ ಎಲ್ಲಿದ್ದಾರೆ ಈಗ? ಬಾಗಿಲು ತೆಗೆದಿದ್ದಾರೆ ನೋಡಿ. ಅವರೂ ಬಂದ್ಬಿಡಬಹುದು."

"ಹೌದಲ್ರೀ," ಎಂದರು ಕಲ್ಯಾಣದವರು. ಅವರ ಮುಖ ಅರಳಿತು. "ದೇವರ ಅವರ ಸಲುವಾಗೇ ನಿಂದ್ರಿಸ್ಯಾನ. ಹಚ್ರೀ ಫೋನು."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಫೋನು ತೆಗೆದೆ. ಅಕ್ಕನ ನಂಬರು ಮೇಲೆಯೇ ಇತ್ತು, ಒತ್ತಿದೆ. ಒತ್ತಿದವಳು ನಾನೇ. ಎರಡು ರಿಂಗಿಗೆ ಅಕ್ಕನ ಗಂಡ, ನನ್ನ ಭಾವ ಎತ್ತಿದರು.

"ಎಂತ, ಮುಟ್ಟಿದಿಯಾ?"

"ಇಲ್ಲ, ಇಲ್ಲೇ ನಿಂತಿದೆ."

"ಇವಳ ಫೋನಿಗೆ ಯಾಕೆ ಮಾಡಿದೆ?"

"ಸುಮ್ಮನೆ," ಎಂದು ಇಟ್ಟೆ.

"ಏನಂದ್ರು? ಎಲ್ಲಿದ್ದಾರಂತೆ?" ಎಂದ ಯುವಕ.

"ಮನೆಯಲ್ಲಿ."

"ಮನೆ ಎಲ್ಲಿ?"

"ಡೊಂಬಿವಲಿ."

"ಇಂಜಿನಿಯರ್ಸ್ ಹೇಗೂ ಒಂದೂವರೆ ಗಂಟೆ ತಗೊಳ್ತಾರೆ. ಈಗ ಹೊರಟರೆ ಸಿಗತ್ತೆ. ಅಡ್ರೆಸ್ ಹೇಳಿ, ನಾನೇ ಕ್ಯಾಬ್ ಬುಕ್ ಮಾಡ್ತೀನಿ." ಅವನು ಆಗಲೇ ಫೋನಿನಲ್ಲಿ ಭೂಪಟ ತೆರೆದಿದ್ದ. ಮೇಲಿನ ಗುಂಡಿ ಒತ್ತಿ ಗಗನಸಖಿಯನ್ನೂ ಕರೆದಿದ್ದ. ಇಂಥ ಒಳ್ಳೆಯ ಹುಡುಗರು ತೊಂದರೆ ಕೊಡುವಷ್ಟು ಕೆಟ್ಟವರೂ ಕೊಡುವುದಿಲ್ಲ. ಸೀಟು ಕೇಳಿದವನೇ ಈಗ ಸೀಟಿನ ಒಡತಿಯನ್ನು ಹುಡುಕಿ ತರಲು ಹೊರಟಿದ್ದ.

ಗಗನಸಖಿ ಬಂದಳು. ಅವನು ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ಅವಳು ಕೈಯಲ್ಲಿದ್ದ ಪಟ್ಟಿ ನೋಡಿ, ಹದಿನಾಲ್ಕು ಎ ಎಂದು ಬೆರಳಿಟ್ಟು, ಅಕ್ಕನ ಹೆಸರನ್ನು ಓದಿದಳು. ಹೆಸರು, ಗಂಡನ ಹೆಸರು, ಮನೆತನದ ಹೆಸರು, ಪೂರ್ತಿ. ಆಸ್ಪತ್ರೆಯಲ್ಲಿ ಕೂಗಿ ಕರೆದ ಮೇಲೆ ಅಷ್ಟು ಉದ್ದಕ್ಕೆ ಆ ಹೆಸರನ್ನು ಯಾರೂ ಹೇಳಿರಲಿಲ್ಲ.

"ಇವರು ಚೆಕ್ ಇನ್ ಮಾಡಿಲ್ಲ. ಬರುತ್ತಾರಾ ಮೇಡಂ?" ಎಂದು ಹಿಂದಿಯಲ್ಲಿ ಕೇಳಿದಳು.

ಮೂರು ಮುಖಗಳು ನನ್ನ ಮೇಲಿದ್ದವು. ಮುಂದಿನ ಸಾಲಿನಿಂದ ತಿರುಗಿದವು ಬೇರೆ. ಊರಿಗೆ ಹೋಗಿದ್ದಾಳೆ ಎನ್ನೋಣವೆಂದರೆ ಈ ವಿಮಾನ ಹೊರಟಿರುವುದೇ ಊರಿಗೆ.

"ಇಲ್ಲ," ಎಂದೆ. "ಅಕ್ಕ ತೀರಿಕೊಂಡಿದ್ದಾರೆ."

ಕನ್ನಡದಲ್ಲಿ ಹೇಳಿದ್ದರಿಂದ ಅವಳಿಗೆ ತಿಳಿಯಲಿಲ್ಲ. ಅವಳು ಯುವಕನ ಕಡೆ ನೋಡಿದಳು. ಅವನು ಬಾಯಿ ತೆರೆದವನು ಹಾಗೇ ಇದ್ದ. ಆದ್ದರಿಂದ ನಾನೇ ಎರಡನೆಯ ಸಲ, ಹಿಂದಿಯಲ್ಲಿ ಹೇಳಬೇಕಾಯಿತು. "ವೋ ಗುಜರ್ ಗಯೀ. ಚಾರ್ ಮಹೀನಾ ಹುವಾ." ನಾಲ್ಕು ತಿಂಗಳು ಹೇಳದೇ ಇಟ್ಟುಕೊಂಡದ್ದು ಅರ್ಧ ನಿಮಿಷದಲ್ಲಿ ಎರಡು ಭಾಷೆಯಲ್ಲಿ ಹೊರಗೆ ಬಿತ್ತು.

ಗಗನಸಖಿ ನನ್ನ ಭುಜ ಮುಟ್ಟಿ ಹೋದಳು. ಯುವಕ ಫೋನನ್ನು ಕಿಸೆಗೆ ಹಾಕಿಕೊಂಡ. ಕಲ್ಯಾಣದವರು ಸೀರೆಯ ನೆರಿಗೆ ಸರಿಮಾಡಿಕೊಂಡು, ಮುಂದಿನ ಸೀಟಿನ ಬೆನ್ನನ್ನು ನೋಡುತ್ತ, ನಿಧಾನವಾಗಿ ಕೇಳಿದರು.

"ಮತ್ತ ನನ್ನ ಕಡೆಯಿಂದ ಆ ಶೀಳ್‌ಫಾಟಾ ಯಾಕ ಬೈಸಿದ್ರಿ?"

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ನಗುತ್ತ ನಗುತ್ತ ಅದು ನಗುವಾಗಿ ಉಳಿಯಲಿಲ್ಲ. ಕಣ್ಣು, ಮೂಗು, ಎಲ್ಲ ಒಟ್ಟಿಗೆ ಸುರಿಯಿತು. ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಆ ನೀಲಿ ಕರವಸ್ತ್ರ. ಆಸ್ಪತ್ರೆಯಲ್ಲಿ ಅಳದವಳು, ಮನೆಯಲ್ಲಿ ಎಲ್ಲರಿಗೂ ಕಾಫಿ ಕೊಟ್ಟವಳು, ನಿಂತ ವಿಮಾನದಲ್ಲಿ ಕೂತು, ಮೂರು ಸಾಲು ಮುಂದಿನವರು ತಮ್ಮ ಕಾಗದದ ಕರವಸ್ತ್ರಗಳನ್ನೂ ಹಿಂದಕ್ಕೆ ಕೊಡುವಷ್ಟು ಅತ್ತೆ. ಆ ದೀಪದ ಮಾತು ಕೇಳಿ ನನಗೆ ಅಷ್ಟು ಹೆದರಿಕೆಯಾಯಿತು ಎಂದು ಅವರು ತಿಳಿದಿರಬೇಕು. "ಕುಛ್ ನಹೀ ಹೋಗಾ ಆಂಟೀ," ಎಂದು ಒಬ್ಬರು ಸಮಾಧಾನ ಹೇಳಿದರು.

ಕಲ್ಯಾಣದವರು ನಾನು ಮುಗಿಸುವವರೆಗೆ ಕಾದರು. ಆಮೇಲೆ ಖಾಲಿ ಸೀಟಿನ ಕಡೆ ಗಲ್ಲ ಎತ್ತಿ ತೋರಿಸಿದರು.

"ಕರವಸ್ತ್ರ ಎತ್ತಿದ್ರಿ. ಇನ್ನ ಅದು ಹಿಡದಿಟ್ಟ ಸೀಟಲ್ಲ. ಸರೀರಿ ಆ ಕಡೆ."

"ಬೇಡ, ನಾನು ಇಲ್ಲೇ…"

"ಕಿಟಕ್ಯಾಗಿನಾಕಿ ಇಳದಮ್ಯಾಲೆ ನಡುವಿನಾಕಿ ಸರೀಬೇಕು. ಸರೀದಿದ್ರ ಎಲ್ಲಾರೂ ಬೈತಾರ. ನಾನೂ ಹದಿನೆಂಟ ವರ್ಷ ಕಲ್ಯಾಣ ಲೋಕಲ್‌ನಾಗ ಹೋದಾಕೀನ ಅದೀನ್ರಿ."

ಸರಿದೆ. ಅವರು ನಡುವಿಗೆ ಸರಿದರು. ಹಿಂದಿನಿಂದ ಯುವಕನನ್ನು ಕರೆದು ಅಂಚಿನಲ್ಲಿ ಕೂರಿಸಿದರು. ಸೀಟು ಕೇಳಿದವನಿಗೆ ಕಿಟಕಿಯಲ್ಲದಿದ್ದರೂ ಒಂದು ಅಂಚು ಸಿಕ್ಕಿತು.

ಎರಡು ಗಂಟೆಯ ಮೇಲೆ ಯಾವುದೋ ಸಣ್ಣ ಭಾಗ ಬದಲಿಸಿದ್ದಾಗಿದೆ ಎಂದು ಪೈಲಟ್ ಹೇಳಿದರು. ಮತ್ತೆ ಹೋಗಿ ನಿಂತಿತು, ಗುಡುಗಿತು, ಓಡಿತು. ನಾನು ಮತ್ತೆ ಕಣ್ಣು ಮುಚ್ಚಿದೆ. ಇಪ್ಪತ್ತೆರಡು ವರ್ಷ ಜಗಳವಾಡಿದ ಕಿಟಕಿ ಸಿಕ್ಕಿದಾಗ ನಾನು ಮಾಡಿದ ಘನಕಾರ್ಯ ಇದು. ಡೊಂಬಿವಲಿ, ಕೋಪರ್, ದಿವಾ. ಈ ಸಲ ಕಲ್ವಾ ದಾಟಿತು, ಠಾಣೆ ದಾಟಿತು, ಟ್ರೇನು ಬದಲಿಸಿಯೂ ಆಯಿತು. ಐರೋಲಿ ಕಳೆದು ರಬಾಳೆ ಎನ್ನುವಾಗ ನೆಲ ಬಿಟ್ಟಿತು.

ಕಲ್ಯಾಣದವರು ಪೂರ್ತಿ ಭಾರ ನನ್ನ ಭುಜದ ಮೇಲೆ ಹಾಕಿ ಕಿಟಕಿಗೆ ಬಗ್ಗಿದರು. "ಅಲ್ನೋಡ್ರಿ ಖಾಡಿ ನೀರು, ಎಷ್ಟ ಚಂದ ಕಾಣ್ತದ. ಸೇತುವೆ ನೋಡ್ರಿ. ನೋಡಿದ್ರಿಲ್ಲೋ?"

"ನೋಡಿದೆ," ಎಂದೆ, ಕಣ್ಣು ತೆರೆಯದೆ.

ಮದುವೆ ಮುಗಿಸಿ ಟ್ರೇನಿನಲ್ಲಿ ಮರಳಿದೆ. ಮೊದಲ ದಿನ ಕ್ಯಾಂಟೀನಿಗೆ ಹೊರಟಾಗ ಲೋಕಲಿನಲ್ಲಿ ಗೆಳತಿಯರು ಎಂದಿನ ಜಾಗದಲ್ಲಿದ್ದರು. ಕಿಟಕಿಯಲ್ಲಿ ಚೀಲವಿತ್ತು. ಒಬ್ಬಳು ಮಡಿಲಲ್ಲಿ ಕಾಗದ ಹಾಸಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎರಡು ಭಾಷೆಯಲ್ಲಿ ಅಭ್ಯಾಸವಾದ ಮಾತು, ಮೂರನೆಯ ಸಲ ಅಷ್ಟು ಕಷ್ಟವಾಗಲಾರದು ಎಂದುಕೊಂಡಿದ್ದೆ. ಕಷ್ಟವೇ ಆಯಿತು. ಟ್ರೇನು ಕೋಪರ್ ಬಿಟ್ಟ ಮೇಲೆ ಹೇಳಿದೆ. ಬಡೀ ಊರಿಗೆ ಹೋದದ್ದಲ್ಲ ಎಂದು.

ಸೊಪ್ಪಿನವಳು ತಲೆ ಎತ್ತಲಿಲ್ಲ. "ಮಾಹೀತ್ ಆಹೇ ಗ," ಎಂದಳು. ಗೊತ್ತು ಕಣೇ.

ಎಲ್ಲರಿಗೂ ಗೊತ್ತಿತ್ತು. ಮೊದಲ ದಿನದಿಂದಲೇ. ಹದಿನೈದು ದಿನ ಬಿಟ್ಟು ನಾನು ಹೊರಟಾಗ ಸ್ಟೇಷನ್ನಿನವರೆಗೆ ಬಿಡಲು ಬಂದಿದ್ದವನು ಅಕ್ಕನ ಮಗ. ಅವರೆಲ್ಲ ಅವನನ್ನು ಚಿಕ್ಕವನಿದ್ದಾಗಿನಿಂದ ನೋಡಿದವರು. ತಾಯಿಗಾಗಿ ಬೋಳಿಸಿದ ತಲೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ನಾನು 'ಗಾಂವ್ ಗಯೀ' ಎಂದಿದ್ದೆ. ನಾಲ್ಕು ತಿಂಗಳು ನನ್ನ ಸುಳ್ಳಿಗಾಗಿ ಅವರು ಚೀಲ ಇಟ್ಟು, ಹೊಸಬರ ಬೈಗುಳ ತಿಂದು, ಜಾಗ ಹಿಡಿದಿದ್ದರು.

"ನೀನಾಗಿ ಹೇಳುವಾಗ ಹೇಳುತ್ತೀ ಎಂದು ಬಿಟ್ಟೆವು," ಎಂದಳು ಅವಳು ಮರಾಠಿಯಲ್ಲಿ. ಆಮೇಲೆ ಕಿಟಕಿಯ ಚೀಲ ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡಳು. "ಸರಕ್ ಛೋಟೀ."

ಸರಿದೆ. ಅರ್ಧ ಕಟ್ಟು ಸೊಪ್ಪು ನನ್ನ ಮಡಿಲಿಗೂ ಬಂತು. ನಾಲ್ಕು ಕಡ್ಡಿ ಬಿಡಿಸಿರಬಹುದು, ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮುಂಬ್ರಾ ಯಾವಾಗ ಬಂತೋ ಗೊತ್ತಿಲ್ಲ. ಠಾಣೆಯಲ್ಲಿ ನನ್ನನ್ನು ಅವರು ಎಬ್ಬಿಸಬೇಕಾಯಿತು. ಈ ಸಲ ನಾಟಕವಿರಲಿಲ್ಲ.